ಐಸ್‌ಕ್ರೀಂ ಕಡ್ಡಿ ಬಿಲ್ಡಿಂಗು, ಅಲುಗಾಡೋ ಹಲಗೆ: ಮಕ್ಕಳ ಭೂಕಂಪ ಪ್ರಯೋಗದಿಂದ ಮಾಕಳಿ ಅಂಗಡಿ, ಮನೆ ಮಾಲೀಕರು ತಿಳಿಯಬೇಕಾದ್ದೇನು?

ಮಾಕಳಿ: ತುಮಕೂರು ರಸ್ತೆಯಲ್ಲಿ ಮಾದಾವರ ದಾಟಿ ಮಾಕಳಿ ಕಡೆ ಬಂದರೆ ಅಕ್ಕಪಕ್ಕ ಕಾಣೋದು ಹೆಚ್ಚಾಗಿ ಒಂದೇ ನಮೂನೆ ಬಿಲ್ಡಿಂಗು. ಕೆಳಗೆ ಎರಡೋ ಮೂರೋ ಶಟರ್ ಅಂಗಡಿ, ಇಲ್ಲಾಂದ್ರೆ ಗಾಡಿ ನಿಲ್ಲಿಸೋಕೆ ಖಾಲಿ ಜಾಗ. ಮೇಲೆ ಬಾಡಿಗೆ ಮನೆಗಳು. ಎಲ್ಲಕ್ಕಿಂತ ಮೇಲೆ ನೀರಿನ ಟ್ಯಾಂಕು.

ಇದೇ ಬಿಲ್ಡಿಂಗನ್ನು ಐಸ್‌ಕ್ರೀಂ ಕಡ್ಡಿ, ಹಾರ್ಡ್‌ಬೋರ್ಡಿನಲ್ಲಿ ಒಂದೂವರೆ ಅಡಿ ಎತ್ತರಕ್ಕೆ ಕಟ್ಟಿ, ಒಂದು ಹಲಗೆ ಮೇಲೆ ಕೂರಿಸಿ ಜೋರಾಗಿ ಅಲ್ಲಾಡಿಸಿದರೆ ಏನಾಗುತ್ತೆ? ಮೇಲಿನ ಮೂರು ಮಹಡಿ ಹೆಚ್ಚುಕಮ್ಮಿ ಹಾಗೇ ಇರುತ್ತವೆ. ಕೆಳಗಿನ ಅಂಗಡಿ ಮಹಡಿ ಮಾತ್ರ ಒಂದು ಕಡೆಗೆ ವಾಲಿ, ಮೇಲಿನದ್ದೆಲ್ಲ ಅದರ ಮೇಲೆ ಕೂತುಬಿಡುತ್ತೆ.

ಹೈಸ್ಕೂಲು, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ವಿದ್ಯಾರ್ಥಿಗಳು ವಿಜ್ಞಾನ ಮೇಳಕ್ಕೆ, ಪ್ರಾಜೆಕ್ಟಿಗೆ ಮಾಡುವ ಪ್ರಯೋಗ ಇದು. ಇಂಗ್ಲಿಷಿನಲ್ಲಿ ಶೇಕ್ ಟೇಬಲ್ ಅಂತಾರೆ, ಕನ್ನಡದಲ್ಲಿ ಅಲುಗಾಟದ ಮೇಜು ಅನ್ನಬಹುದು. ಖರ್ಚು ಕಡಿಮೆ. ಆದರೆ ಸೈಟಿನ ಮೇಲೆ ಲಕ್ಷಗಟ್ಟಲೆ ಸಾಲ ಮಾಡಿ ಬಿಲ್ಡಿಂಗ್ ಎಬ್ಬಿಸಿದವರು, ಅದರ ಕೆಳಗೆ ದಿನವಿಡೀ ಅಂಗಡಿ ಇಟ್ಟುಕೊಂಡು ಕೂರುವವರು ಕೂಡ ನೋಡಲೇಬೇಕಾದ ಪ್ರಯೋಗ.

ನಮ್ಮ ಕಡೆ ಭೂಕಂಪ ಎಲ್ಲಿ ಬರುತ್ತೆ ಅನ್ನೋ ಮಾತು

ಬೆಂಗಳೂರು ಕಡೆ ಭೂಕಂಪದ ಮಾತೆತ್ತಿದರೆ ಬರುವ ಮೊದಲ ಉತ್ತರ ಇದೇ. ಅದರಲ್ಲಿ ಅರ್ಧ ನಿಜ ಇದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 1893 ಸಂಹಿತೆಯ 2016ರ ಆವೃತ್ತಿಯ ನಕ್ಷೆಯಲ್ಲಿ ದೇಶವನ್ನು 2, 3, 4, 5 ಅಂತ ನಾಲ್ಕು ವಲಯ ಮಾಡಲಾಗಿದೆ. 5 ಅತಿ ಅಪಾಯದ್ದು. ಬೆಂಗಳೂರು ಸುತ್ತಮುತ್ತ 2ನೇ ವಲಯ, ಅಂದರೆ ಅಪಾಯ ಎಲ್ಲಕ್ಕಿಂತ ಕಡಿಮೆ. ನಮ್ಮ ಕರಾವಳಿ ಜಿಲ್ಲೆಗಳು 3ನೇ ವಲಯದಲ್ಲಿವೆ. ಗಮನಿಸಬೇಕಾದ್ದು, ಆ ನಕ್ಷೆಯಲ್ಲಿ ಸೊನ್ನೆ ಅನ್ನೋ ವಲಯವೇ ಇಲ್ಲ.

ಹಿಂದೆ 1 ಅನ್ನೋ ವಲಯ ಇತ್ತು. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಆ 1ನೇ ವಲಯದಲ್ಲೇ ಇತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಜನ ಮಲಗಿದ್ದಾಗ ಅಲ್ಲಿ 6.2 ತೀವ್ರತೆಯ ಭೂಕಂಪ ಆಯ್ತು. ಸತ್ತವರು ಸುಮಾರು 10 ಸಾವಿರ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ತಲೆ ಮೇಲೆ ಭಾರದ ಮಣ್ಣಿನ ಮಾಳಿಗೆ, ಇವೇ ಹೆಚ್ಚಿನ ಜನರನ್ನು ಕೊಂದಿದ್ದು. ನಮ್ಮ ಬೀದರ್, ಕಲಬುರಗಿಯ ಗಡಿಗೆ ಅಂಟಿಕೊಂಡ ಜಾಗ ಅದು. 2002ರಲ್ಲಿ ಸಂಹಿತೆ ಪರಿಷ್ಕರಿಸಿದಾಗ 1ನೇ ವಲಯವನ್ನು ತೆಗೆದು 2ಕ್ಕೆ ಸೇರಿಸಿದರು.

ಇನ್ನೂ ಹತ್ತಿರದ್ದು ಬೇಕೆಂದರೆ, 2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರ ಕಡೆ ಐದೇ ನಿಮಿಷದ ಅಂತರದಲ್ಲಿ ಎರಡು ಕಂಪನ ದಾಖಲಾದವು. ತೀವ್ರತೆ 2.9 ಮತ್ತು 3. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ಅದೇ ವರ್ಷ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಜನ ಪದೇಪದೇ ಬಂದ ಕಂಪನಕ್ಕೆ ಹೆದರಿ ರಾತ್ರಿ ಮನೆಯಿಂದ ಹೊರಗೆ ಕಳೆದಿದ್ದರು. 2022ರಲ್ಲಿ ಕೊಡಗು, ಸುಳ್ಯ ಕಡೆ ನೆಲ ನಡುಗಿತು.

ಇವೆಲ್ಲ ಸಣ್ಣವೇ. ತೀವ್ರತೆಯ ಅಂಕಿ ಒಂದು ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತೆ. ಅಂದರೆ 3ರ ಕಂಪನಕ್ಕೂ 6ರ ಭೂಕಂಪಕ್ಕೂ ಇರುವ ವ್ಯತ್ಯಾಸ ಸುಮಾರು 32 ಸಾವಿರ ಪಟ್ಟು. ಚಿಕ್ಕಬಳ್ಳಾಪುರದ್ದು ನೋಡಿ ಗಾಬರಿಯಾಗುವಂಥದ್ದು ಏನೂ ಇಲ್ಲ. ಆದರೆ ಕೆಲವು ಬಿಲ್ಡಿಂಗುಗಳು ಬೀಳೋಕೆ ದೊಡ್ಡ ಭೂಕಂಪವೇ ಬೇಕಾಗಿಲ್ಲ ಅನ್ನೋದೂ ಗೊತ್ತಿರಲಿ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಮಳೆಗಾಲದಲ್ಲಿ ಕುಸಿದು ಹಲವು ಕಾರ್ಮಿಕರು ಪ್ರಾಣ ಬಿಟ್ಟರು. ಅಲ್ಲಿ ಯಾವ ಭೂಕಂಪವೂ ಆಗಿರಲಿಲ್ಲ.

ಬೆಂಗಳೂರಲ್ಲೇ ನಡೆದ ದೊಡ್ಡ ಪ್ರಯೋಗ

ಬಿಲ್ಡಿಂಗಿನ ಮಾದರಿ ಕಟ್ಟಿ ಅಲ್ಲಾಡಿಸಿ ನೋಡುವ ಕೆಲಸದಲ್ಲಿ ಬೆಂಗಳೂರಿಗೆ ಒಳ್ಳೆ ಹೆಸರಿದೆ. ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನ ಸಿವಿಲ್ ವಿಭಾಗದಲ್ಲಿ ಪ್ರೊ. ಕೆ.ಎಸ್. ಜಗದೀಶ್, ಎಸ್. ರಘುನಾಥ್, ಕೆ.ಎಸ್. ನಂಜುಂಡರಾವ್ ಇಟ್ಟಿಗೆ ಮನೆಗಳ ಮಾದರಿ ಕಟ್ಟಿ ಪರೀಕ್ಷೆ ಮಾಡಿದರು. ಅವರು ಬಳಸಿದ್ದು ಶಾಕ್ ಟೇಬಲ್. ಮೋಟಾರಿನಿಂದ ಸತತ ಅಲ್ಲಾಡಿಸುವ ಬದಲು, ಸರಿದಾಡುವ ವೇದಿಕೆಗೆ ಲೋಲಕದಂತೆ ತೂಗುವ ಭಾರದಿಂದ ಪೆಟ್ಟು ಕೊಡುವುದು. ಪೆಟ್ಟು ಬಿದ್ದಾಗ ವೇದಿಕೆ ಜರ್ಕ್ ಆಗುತ್ತೆ, ಮೇಲಿನ ಮನೆ ಅದನ್ನು ತಡೆದುಕೊಳ್ಳಬೇಕು. ದೊಡ್ಡ ಬಂಡವಾಳ ಇಲ್ಲದೆ ಭೂಕಂಪದ ಏಟು ತೋರಿಸುವ ದಾರಿ ಅದು.

ಇದಕ್ಕೂ ಮೊದಲು ಉತ್ತರ ಭಾರತದ ರೂರ್ಕಿಯಲ್ಲಿ ರೈಲ್ವೆ ವ್ಯಾಗನ್ನನ್ನೇ ಮೇಜು ಮಾಡಿಕೊಂಡಿದ್ದರು. ಹಳಿ ಮೇಲೆ ನಿಂತ ವ್ಯಾಗನ್ ಮೇಲೆ ಮನೆ ಕಟ್ಟಿ, ಇನ್ನೊಂದು ವ್ಯಾಗನ್‌ನಿಂದ ಡಿಕ್ಕಿ ಹೊಡೆಸುವುದು.

ಬೆಂಗಳೂರಿನ ಪ್ರಯೋಗದಲ್ಲಿ ಗೋಡೆಯ ಎರಡೂ ಮೈಗೆ ಮೇಲಿಂದ ಕೆಳಗೆ ತೆಳು ಕಂಬಿ ಇಟ್ಟು, ಇಟ್ಟಿಗೆ ಸಾಲಿನ ನಡುವಿನ ಗಾರೆಯ ಮೂಲಕ ಎರಡನ್ನೂ ಕಟ್ಟಿದ್ದರು. ಗೋಡೆಯನ್ನು ಎರಡು ಕೈಯಿಂದ ಹಿಡಿದ ಹಾಗೆ. ಇಂಥ ಹಿಡಿತ ಇರುವ ಮಾದರಿ ಪೆಟ್ಟಿನ ಮೇಲೆ ಪೆಟ್ಟು ತಿಂದರೂ ಕುಸಿಯದೆ ನಿಲ್ಲುತ್ತೆ ಅನ್ನೋದು ಅವರು ಕಂಡುಕೊಂಡ ಮುಖ್ಯ ವಿಷಯ. ಬಿರುಕು ಬಿಡಬಹುದು, ಆದರೆ ಒಳಗಿದ್ದವರ ಮೇಲೆ ಬೀಳಬಾರದು ಅನ್ನೋದೇ ಇಲ್ಲಿ ಲೆಕ್ಕ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇಟ್ಟಿಗೆ, ಕಲ್ಲಿನ ಮನೆಗಳು ಹೇಗೆ ಬಿದ್ದವು ಅಂತ ಅಧ್ಯಯನ ಮಾಡಿದ್ದೂ ಇದೇ ತಂಡ.

ಸದಾಶಿವನಗರದ ಬಳಿ ಇರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಸಿಪಿಆರ್‌ಐನಲ್ಲಿ 3 ಮೀಟರ್ ಉದ್ದಗಲದ, 10 ಟನ್ ಹೊರುವ, ಎಲ್ಲ ದಿಕ್ಕಿಗೂ ಅಲುಗಾಡುವ ಶೇಕ್ ಟೇಬಲ್ ಇದೆ. ವಿದ್ಯುತ್ ಉಪಕರಣ, ಪ್ಯಾನೆಲ್ ಭೂಕಂಪ ತಡೆಯುತ್ತವಾ ಅಂತ ಅಲ್ಲಿ ನೋಡುತ್ತಾರೆ. ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು ಜಪಾನಿನ ಮಿಕಿ ಊರಿನ ಇ-ಡಿಫೆನ್ಸ್. 20 ಮೀಟರ್ ಉದ್ದ, 15 ಮೀಟರ್ ಅಗಲ, 1,200 ಟನ್ ಹೊರುತ್ತೆ. ಅಲ್ಲಿ ನಿಜವಾದ ಬಿಲ್ಡಿಂಗನ್ನೇ ಮೇಜಿನ ಮೇಲೆ ಕಟ್ಟಿ ಬೀಳಿಸಿ ನೋಡುತ್ತಾರೆ. ತೈವಾನ್, ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆ ಇದರದ್ದೇ ಸ್ಪರ್ಧೆ ಇದೆ. ಮರದ ಕಡ್ಡಿಯ ಗೋಪುರ ಕಟ್ಟಿ ತರಬೇಕು, ಕಡೆ ತನಕ ನಿಂತದ್ದಕ್ಕೆ ಅಂಕ.

ಮೇಜು ಮಾಡೋದು ಹೇಗೆ?

ಶಾಲೆಯಲ್ಲಿ ಮಾಡೋಕೆ ಬೇಕಾದ ಸಾಮಾನು ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ.

ಎರಡು ಪ್ಲೈವುಡ್ ಹಲಗೆ. ಕೆಳಗಿನದು ದೊಡ್ಡದು, ಟೇಬಲ್ಲಿಗೆ ಕ್ಲ್ಯಾಂಪ್ ಹಾಕಿ ಬಿಗಿ ಮಾಡಬೇಕು. ಮೇಲಿನದು ಒಂದು ಅಡಿ ಉದ್ದಗಲ ಸಾಕು.

ಒಂದು ಜೊತೆ ಡ್ರಾಯರ್ ಚಾನೆಲ್. ಅಡುಗೆಮನೆ ಡ್ರಾಯರ್‌ಗೆ ಹಾಕುವ, ಬಾಲ್ ಬೇರಿಂಗ್ ಇರುವ ಚಾನೆಲ್. ಮೇಲಿನ ಹಲಗೆ ಒಂದೇ ದಿಕ್ಕಿನಲ್ಲಿ ಹಿಂದೆ ಮುಂದೆ ಸರಿಯಲು.

ಒಂದು 12 ವೋಲ್ಟಿನ ಗೇರ್ ಮೋಟಾರು, ವೇಗ ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್. ಮೋಟಾರಿನ ಚಕ್ರದ ಮೇಲೆ ನಡುವಿನಿಂದ ಸರಿಯಾಗಿ 1 ಸೆಂಟಿಮೀಟರ್ ದೂರದಲ್ಲಿ ಒಂದು ಪಿನ್. ಆ ಪಿನ್ನಿಂದ ಹಲಗೆಗೆ ಒಂದು ಕಡ್ಡಿ ಜೋಡಿಸಿದರೆ ಚಕ್ರ ತಿರುಗಿದ ಹಾಗೆ ಹಲಗೆ ಆ ಕಡೆ 1, ಈ ಕಡೆ 1 ಸೆಂಟಿಮೀಟರ್ ಆಡುತ್ತೆ. ಪೀಣ್ಯದ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡುವ ಅಪ್ಪ, ಚಿಕ್ಕಪ್ಪ ಇರುವ ಮಕ್ಕಳಿಗೆ ಈ ಭಾಗ ಹೊಸದೇನಲ್ಲ.

ಮೋಟಾರು ಇಲ್ಲದಿದ್ದರೆ ಎರಡು ಹಲಗೆ ನಡುವೆ ಗೋಲಿ ಹಾಕಿ, ನಾಲ್ಕು ಕಡೆ ರಬ್ಬರ್ ಬ್ಯಾಂಡ್ ಕಟ್ಟಿ ಕೈಯಿಂದ ಎಳೆದು ಬಿಡಬಹುದು. ನೋಡೋಕೆ ಸಾಕು. ಆದರೆ ಎರಡು ಮಾದರಿ ಹೋಲಿಸುವಾಗ ಕೈಯ ವೇಗ ಒಂದೇ ಥರ ಇರಲ್ಲ, ಹಾಗಾಗಿ ತೀರ್ಪು ಕೊಡೋಕೆ ಬರಲ್ಲ.

ಅಳೆಯೋಕೆ ಮೊಬೈಲ್ ಸಾಕು. ಎಲ್ಲ ಸ್ಮಾರ್ಟ್‌ಫೋನಿನಲ್ಲೂ ಅಲುಗಾಟ ಅಳೆಯುವ ಸೆನ್ಸರ್ ಇರುತ್ತೆ. ಫೈಫಾಕ್ಸ್ ಅನ್ನೋ ಉಚಿತ ಆ್ಯಪ್ ಹಾಕಿ ಫೋನನ್ನು ಹಲಗೆಗೆ ಟೇಪಿನಿಂದ ಅಂಟಿಸಿದರೆ ಗ್ರಾಫ್ ಬರುತ್ತೆ. ಇನ್ನೊಂದು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಬೇಕು. ಮುರಿಯೋದು ಕಣ್ಣಿಗೆ ಕಾಣಲ್ಲ, ವಿಡಿಯೋದಲ್ಲಿ ಯಾವ ಕೀಲು ಮೊದಲು ಬಿಟ್ಟಿತು ಅಂತ ಸ್ಪಷ್ಟ ಗೊತ್ತಾಗುತ್ತೆ.

ಒಂದು ಸಣ್ಣ ಲೆಕ್ಕ

ಪಿನ್ 1 ಸೆಂಟಿಮೀಟರ್‌ನಲ್ಲಿದ್ದಾಗ ಮೋಟಾರು ನಿಮಿಷಕ್ಕೆ 60 ಸುತ್ತು ತಿರುಗಿದರೆ ಹಲಗೆಯ ಮೇಲಿನ ಗರಿಷ್ಠ ವೇಗೋತ್ಕರ್ಷ ಗುರುತ್ವದ 0.04 ಭಾಗ. 120 ಸುತ್ತಿಗೆ 0.16. 180 ಸುತ್ತಿಗೆ 0.36. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಅದಕ್ಕೇ ರೆಗ್ಯುಲೇಟರನ್ನು ನಿಧಾನ ತಿರುಗಿಸಬೇಕು.

0.36 ಅಂದರೆ ಏನು? ಬಿಲ್ಡಿಂಗಿನ ತೂಕದ ಮೂರನೇ ಒಂದು ಭಾಗಕ್ಕೂ ಹೆಚ್ಚು ಬಲದಿಂದ ಯಾರೋ ಅದನ್ನು ಪಕ್ಕಕ್ಕೆ ತಳ್ಳಿದ ಹಾಗೆ, ಅದೂ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ. ಮೇಸ್ತ್ರಿ ಪಿಲ್ಲರ್ ಹಾಕುವಾಗ ಯೋಚಿಸೋದು ಮೇಲಿಂದ ಕೆಳಕ್ಕೆ ಬರುವ ಭಾರ. ಭೂಕಂಪ ತಳ್ಳೋದು ಪಕ್ಕಕ್ಕೆ. ಸಮಸ್ಯೆ ಶುರುವಾಗೋದೇ ಇಲ್ಲಿಂದ.

ಪ್ರಯೋಗ 1: ಯಾವ ಎತ್ತರದ್ದು ಯಾವಾಗ ಕುಣಿಯುತ್ತೆ?

ಮೂರು ಹ್ಯಾಕ್ಸಾ ಬ್ಲೇಡ್ ತೆಗೆದುಕೊಂಡು 10, 20, 30 ಸೆಂಟಿಮೀಟರ್ ಎತ್ತರ ನಿಲ್ಲುವಂತೆ ಹಲಗೆಗೆ ಬಿಗಿಯಿರಿ. ಬ್ಲೇಡಿನ ಚಪ್ಪಟೆ ಮುಖ ಹಲಗೆ ಸರಿಯುವ ದಿಕ್ಕಿಗಿರಲಿ. ಪ್ರತಿಯೊಂದರ ತುದಿಗೆ ಒಂದೇ ತೂಕದ ನಟ್ಟು. ನಿಧಾನಕ್ಕೆ ಅಲ್ಲಾಡಿಸಿದಾಗ ಉದ್ದದ್ದು ಜೋರಾಗಿ ತೂಗುತ್ತೆ, ಗಿಡ್ಡದ್ದು ಸುಮ್ಮನಿರುತ್ತೆ. ವೇಗ ಹೆಚ್ಚಿಸಿದರೆ ಉದ್ದದ್ದು ಅಷ್ಟಾಗಿ ತೂಗಲ್ಲ, ನಡುವಿನದು ಕುಣಿಯಲು ಶುರು. ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಬಲಕ್ಕೂ ಎತ್ತರ ಹೋಗುತ್ತಲ್ಲ, ಅದೇ ತತ್ವ.

ಪ್ರತಿ ಬಿಲ್ಡಿಂಗಿಗೂ ತನ್ನದೇ ತಾಳ ಇದೆ. ಸಂಹಿತೆಯಲ್ಲಿರುವ ಅಂದಾಜು ಸೂತ್ರದಂತೆ 12 ಮೀಟರ್ ಎತ್ತರದ, ಗೋಡೆ ತುಂಬದ ಕಾಂಕ್ರೀಟ್ ಚೌಕಟ್ಟು ಸುಮಾರು ಅರ್ಧ ಸೆಕೆಂಡಿಗೆ ಒಂದು ಸಲ ತೂಗುತ್ತೆ. ನೆಲದ ತಾಳವೂ ಅದೇ ಆದರೆ ಕಷ್ಟ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರದಲ್ಲಿ ಆಗಿದ್ದು ಇದೇ. ಭೂಕಂಪದ ಕೇಂದ್ರ 350 ಕಿಲೋಮೀಟರ್‌ಗೂ ದೂರ. ಆದರೆ ನಗರ ಕೂತಿದ್ದು ಹಳೇ ಕೆರೆಯ ಮೆತ್ತನೆ ಮಣ್ಣಿನ ಮೇಲೆ. ಆ ಮಣ್ಣು ನಿಧಾನವಾದ ಅಲುಗಾಟವನ್ನು ಹಿಗ್ಗಿಸಿತು. ಹೆಚ್ಚು ಪೆಟ್ಟು ತಿಂದಿದ್ದು ಗಿಡ್ಡ ಮನೆಗಳಲ್ಲ, ಮಧ್ಯಮ ಎತ್ತರದ ಕಟ್ಟಡಗಳು.

ಕೆರೆ ಅಂದ ಕೂಡಲೇ ಬೆಂಗಳೂರಿನವರಿಗೆ ನೆನಪಾಗಬೇಕು. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆ ಇದ್ದ ಜಾಗ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ ಅಂಗಳ. ಊರ ಹೊರಗೂ ಕೆರೆ ಅಂಚು, ರಾಜಕಾಲುವೆ, ಹಳ್ಳ ಮುಚ್ಚಿ ಮಣ್ಣು ತುಂಬಿದ ಸೈಟುಗಳಿಗೆ ಕೊರತೆ ಇಲ್ಲ. ಸೈಟು ತಗೊಳ್ಳುವಾಗ ರೇಟು, ರಸ್ತೆ ಅಗಲ ಕೇಳುವಷ್ಟೇ, ಮೊದಲು ಇಲ್ಲಿ ಏನಿತ್ತು ಅಂತ ಊರಿನ ಹಿರಿಯರನ್ನು ಕೇಳೋದೂ ಮುಖ್ಯ.

ಪ್ರಯೋಗ 2: ಕೆಳಗೆ ಖಾಲಿ, ಮೇಲೆ ಗೋಡೆ

ಮಾಕಳಿಗೆ ಅತಿ ಹೆಚ್ಚು ಸಂಬಂಧಪಟ್ಟ ಪ್ರಯೋಗ ಇದು. ಒಂದೇ ಅಳತೆಯ ಮೂರು ಮಾದರಿ ಕಟ್ಟಬೇಕು. ಪ್ರತಿಯೊಂದಕ್ಕೂ ನಾಲ್ಕು ಮಹಡಿ, ಮಹಡಿಗೆ ನಾಲ್ಕು ಕಡ್ಡಿ ಪಿಲ್ಲರ್, 15 ಸೆಂಟಿಮೀಟರ್ ಉದ್ದಗಲದ ಹಾರ್ಡ್‌ಬೋರ್ಡ್ ಚಾವಣಿ. ಪ್ರತಿ ಮಹಡಿಗೂ 100 ಗ್ರಾಂ ನಟ್ಟು ಬೋಲ್ಟ್ ಅಂಟಿಸಿ ತೂಕ ಕೊಡಬೇಕು.

ಮೊದಲನೇ ಮಾದರಿ: ಯಾವ ಮಹಡಿಯಲ್ಲೂ ಅಡ್ಡಪಟ್ಟಿ ಇಲ್ಲ. ಎರಡನೆಯದು: ಎಲ್ಲ ಮಹಡಿಗೂ ಮೂಲೆಯಿಂದ ಮೂಲೆಗೆ ಕತ್ತರಿ ಆಕಾರದ ಪಟ್ಟಿ. ಮೂರನೆಯದು: ಮೇಲಿನ ಮೂರು ಮಹಡಿಗೆ ಪಟ್ಟಿ, ಕೆಳಗಿನದಕ್ಕೆ ಮಾತ್ರ ಇಲ್ಲ. ಈ ಮೂರನೆಯದೇ ನಮ್ಮ ಶಟರ್ ಅಂಗಡಿ ಬಿಲ್ಡಿಂಗು.

ಮೇಜು ಆಡಿದಾಗ ಮೊದಲನೆಯದು ಎಲ್ಲ ಮಹಡಿಯಲ್ಲೂ ಹಂಚಿಕೊಂಡು ತೂಗುತ್ತೆ. ಎರಡನೆಯದು ಒಂದೇ ಪೆಟ್ಟಿಗೆಯ ಹಾಗೆ ಒಟ್ಟಿಗೆ ಸರಿಯುತ್ತೆ. ಮೂರನೆಯದರ ಮೇಲಿನ ಭಾಗ ಗಟ್ಟಿ ಪೆಟ್ಟಿಗೆ, ಬಾಗಬೇಕಾದ್ದೆಲ್ಲ ಕೆಳಗಿನ ನಾಲ್ಕು ಕಡ್ಡಿಯೇ ಬಾಗಬೇಕು. ಮೇಲಿನ ಎಲ್ಲ ಮಹಡಿಯ ತೂಕದ ತಳ್ಳಾಟವೂ ಅವುಗಳ ಮೇಲೇ. ಕೀಲು ಬಿಟ್ಟುಕೊಳ್ಳೋದು ಅಲ್ಲೇ.

ಮನೆಯಲ್ಲೇ ನೋಡಬೇಕೆಂದರೆ ಬೆಂಕಿಪೊಟ್ಟಣ ಸಾಕು. ಒಳಗಿನ ಕಡ್ಡಿ ತುಂಬುವ ಗೂಡು ತೆಗೆದು ಬರೀ ಹೊರಕವಚವನ್ನು ಪಕ್ಕಕ್ಕೆ ಒತ್ತಿ, ಮಡಚಿಕೊಳ್ಳುತ್ತೆ. ಗೂಡನ್ನು ಒಳಗೆ ತಳ್ಳಿ ಒತ್ತಿ, ಅಲ್ಲಾಡಲ್ಲ. ಗೋಡೆ ಇರುವ ಮಹಡಿಗೂ ಇಲ್ಲದ ಮಹಡಿಗೂ ಇರುವ ವ್ಯತ್ಯಾಸ ಅಷ್ಟೇ.

ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿಲೋಮೀಟರ್‌ಗೂ ದೂರವಿದ್ದ ಅಹಮದಾಬಾದಿನಲ್ಲಿ ಹತ್ತಾರು ಅಪಾರ್ಟ್‌ಮೆಂಟ್ ಕುಸಿದವು. ಅವುಗಳಲ್ಲಿ ಬಹಳಷ್ಟು ಕೆಳಗೆ ಪಾರ್ಕಿಂಗಿಗೆ ಖಾಲಿ ಬಿಟ್ಟು ಪಿಲ್ಲರ್ ಮೇಲೆ ನಿಂತವು. ಅದಾದ ಮೇಲೆ 2002ರ ಸಂಹಿತೆಯಲ್ಲಿ, ಹೀಗೆ ತೆರೆದ ಮಹಡಿಯ ಪಿಲ್ಲರ್, ಬೀಮುಗಳನ್ನು ಲೆಕ್ಕಕ್ಕೆ ಬರುವ ಬಲದ ಎರಡೂವರೆ ಪಟ್ಟಿಗೆ ವಿನ್ಯಾಸ ಮಾಡಬೇಕು ಅನ್ನೋ ನಿಯಮ ಬಂತು.

ಪ್ರಯೋಗ 3: ತಲೆಭಾರ

ಎರಡನೇ ಪ್ರಯೋಗದ ಮೊದಲನೇ ಮಾದರಿಯಂಥದ್ದೇ ಇನ್ನೆರಡು ಕಟ್ಟಿ. ಒಂದಕ್ಕೆ ಚಾವಣಿ ಮೇಲೆ 300 ಗ್ರಾಂ ಮರಳಿನ ಚೀಲ, ಇನ್ನೊಂದಕ್ಕೆ ಅದೇ ಚೀಲ ಮೊದಲನೇ ಮಹಡಿ ಮೇಲೆ. ತೂಕ ಎರಡಕ್ಕೂ ಒಂದೇ. ಮೇಲೆ ಭಾರ ಇರುವುದು ಕಡಿಮೆ ವೇಗಕ್ಕೇ ಜೋರಾಗಿ ತೂಗಲು ಶುರು ಮಾಡುತ್ತೆ. 1,000 ಲೀಟರಿನ ಒಂದು ಟ್ಯಾಂಕು ತುಂಬಿದರೆ ಬರೀ ನೀರೇ ಒಂದು ಟನ್. ಬಾಡಿಗೆ ಮನೆಗಳು ಜಾಸ್ತಿಯಾದ ಹಾಗೆ ಟ್ಯಾಂಕಿನ ಸಾಲೂ ಬೆಳೆಯುತ್ತೆ. ನಂತರ ಎಬ್ಬಿಸಿದ ಹೆಚ್ಚುವರಿ ಮಹಡಿಯಂತೂ ಟ್ಯಾಂಕಿಗಿಂತ ಎಷ್ಟೋ ಪಟ್ಟು ಭಾರ.

ಪ್ರಯೋಗ 4: ಇಟ್ಟಿಗೆ ಮನೆಗೆ ಸೊಂಟಪಟ್ಟಿ

ಪಿಲ್ಲರ್ ಇಲ್ಲದ ಹಳೇ ಗೋಡೆ ಮನೆಗಳು ಹಳ್ಳಿ ಒಳಗೆ ಇನ್ನೂ ಇವೆ. ಅದಕ್ಕೆ ಎಎಸಿ ಹಗುರ ಬ್ಲಾಕಿನ ಚೂರನ್ನು ಗರಗಸದಿಂದ ಹೆಬ್ಬೆರಳ ಗಾತ್ರದ ಇಟ್ಟಿಗೆ ಮಾಡಿ, ಮಣ್ಣಿನ ಗಾರೆಯಲ್ಲಿ ಎರಡು ಪುಟ್ಟ ಮನೆ ಕಟ್ಟಬೇಕು. ಒಂದು ದಿನ ಒಣಗಲಿ. ಒಂದಕ್ಕೆ ಬಾಗಿಲ ಮೇಲಿನ ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತಿ ಬರುವ ತೆಳು ಪ್ಲೈ ಪಟ್ಟಿ ಅಂಟಿಸಿ, ಅದರ ಮೇಲೆ ಉಳಿದ ಸಾಲು ಕಟ್ಟಬೇಕು. ಇನ್ನೊಂದಕ್ಕೆ ಏನೂ ಇಲ್ಲ.

ಪಟ್ಟಿ ಇಲ್ಲದ ಮನೆಯ ಮೂಲೆಗಳು ಮೊದಲು ಬಾಯಿ ಬಿಡುತ್ತವೆ. ಆಮೇಲೆ ಉದ್ದದ ಗೋಡೆ ಹೊರಗೆ ಮಗುಚುತ್ತೆ. ಪಟ್ಟಿ ಇದ್ದದ್ದು ಬಿರುಕು ಬಿಟ್ಟರೂ ನಾಲ್ಕು ಗೋಡೆ ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಕಟ್ಟಡದವರು ಲಿಂಟಲ್ ಬೀಮ್ ಅನ್ನೋದು ಇದನ್ನೇ. ಆದರೆ ಖರ್ಚು ಉಳಿಸೋಕೆ ಬರೀ ಬಾಗಿಲು, ಕಿಟಕಿ ಮೇಲಷ್ಟೇ ಹಾಕಿ ನಿಲ್ಲಿಸಿದರೆ ಅದು ಸೊಂಟಪಟ್ಟಿ ಆಗಲ್ಲ. ಸುತ್ತಲೂ ಮುರಿಯದೆ ಬರಬೇಕು.

ಪ್ರಯೋಗ 5: ನೆಲವೇ ಜಾರಿದರೆ

ಒಂದು ಟಬ್ಬಿನಲ್ಲಿ ನುಣುಪು ಮರಳು ಸಡಿಲವಾಗಿ ತುಂಬಿ, ಮಟ್ಟಕ್ಕೆ ಸ್ವಲ್ಪ ಕೆಳಗೆ ನಿಲ್ಲುವಂತೆ ನೀರು ಹಾಕಿ, ಒಂದು ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ. ಟಬ್ಬಿನ ಪಕ್ಕಕ್ಕೆ ಪಟಪಟ ತಟ್ಟಿದರೆ ನೀರು ಮೇಲೆ ಬರುತ್ತೆ, ಇಟ್ಟಿಗೆ ವಾಲಿ ಹೂತುಕೊಳ್ಳುತ್ತೆ. ಜಪಾನಿನ ನಿಗಾಟದಲ್ಲಿ 1964ರಲ್ಲಿ ಅಪಾರ್ಟ್‌ಮೆಂಟುಗಳು ಮುರಿಯದೆ ಹಾಗೇ ಮಗುಚಿಕೊಂಡಿದ್ದು ಹೀಗೆ. ಸಡಿಲ ಮರಳು ಮತ್ತು ನೀರು ಎರಡೂ ಸೇರಿದ ಕಡೆಯ ಅಪಾಯ ಇದು. ನಮ್ಮ ಕೆಮ್ಮಣ್ಣಿನ ಗಟ್ಟಿ ನೆಲಕ್ಕೆ ಇದನ್ನು ಹಾಗೇ ಅನ್ವಯಿಸೋಕೆ ಬರಲ್ಲ. ಸರಿಯಾಗಿ ದಮ್ಮಸ್ಸು ಮಾಡದ ತುಂಬು ಮಣ್ಣು ಅಲುಗಾಟಕ್ಕೆ ಕುಸಿಯುತ್ತೆ ಅನ್ನೋದು ಮಾತ್ರ ನಮಗೂ ಪಾಠ.

ಮಾದರಿ ಹೇಳದೇ ಬಿಡುವ ಸತ್ಯ

ವಿಜ್ಞಾನ ಮೇಳದಲ್ಲಿ ಮಕ್ಕಳು, ಕೆಲವೊಮ್ಮೆ ಮೇಷ್ಟ್ರುಗಳು ಎಡವೋದು ಇಲ್ಲಿ. ಮಾದರಿ ನಿಂತಿತು, ಹಾಗಾಗಿ ನಿಜವಾದ ಬಿಲ್ಡಿಂಗೂ ನಿಲ್ಲುತ್ತೆ ಅಂದುಬಿಡೋದು.

ಒಂದು ಕಟ್ಟಡವನ್ನು ಹತ್ತನೇ ಒಂದರಷ್ಟು ಚಿಕ್ಕದು ಮಾಡಿದರೆ ಪಿಲ್ಲರಿನ ಅಡ್ಡ ಕೊಯ್ತದ ಜಾಗ ನೂರನೇ ಒಂದಾಗುತ್ತೆ, ಆದರೆ ತೂಕ ಸಾವಿರದ ಒಂದಾಗುತ್ತೆ. ಅಂದರೆ ಮಾದರಿ ತನ್ನ ತೂಕಕ್ಕೆ ಹೋಲಿಸಿದರೆ ನಿಜವಾದ್ದಕ್ಕಿಂತ ಹತ್ತು ಪಟ್ಟು ಗಟ್ಟಿ. ಇರುವೆ ತನಗಿಂತ ಭಾರದ ಕಾಳು ಹೊರುತ್ತಲ್ಲ, ಅದೇ ಲೆಕ್ಕ. ಅದಕ್ಕೇ ಪ್ರತಿ ಮಹಡಿಗೂ ನಟ್ಟು ಬೋಲ್ಟ್ ತೂಕ ಸೇರಿಸೋದು. ಸೇರಿಸಿದರೂ ಕಡ್ಡಿ, ಗೋಂದು ನಡೆದುಕೊಳ್ಳುವ ರೀತಿ ಬೇರೆ, ಕಂಬಿ, ಕಾಂಕ್ರೀಟ್ ನಡೆದುಕೊಳ್ಳುವ ರೀತಿ ಬೇರೆ. ಮಕ್ಕಳ ಮೇಜು ಒಂದೇ ದಿಕ್ಕಿಗೆ ಆಡುತ್ತೆ, ನಿಜವಾದ ನೆಲ ಎಲ್ಲ ಕಡೆಗೂ ಆಡುತ್ತೆ.

ಹಾಗಾಗಿ ಈ ಪ್ರಯೋಗ ಹೇಳೋದು ಎರಡರಲ್ಲಿ ಯಾವುದು ಮೊದಲು ಬೀಳುತ್ತೆ, ಎಲ್ಲಿ ಮುರಿಯುತ್ತೆ ಅಂತ. ಯಾವ ತೀವ್ರತೆಗೆ ನಿಮ್ಮ ಮನೆ ಬೀಳುತ್ತೆ ಅಂತ ಹೇಳಲ್ಲ. ಅದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿಯೇ ಹೇಳಬೇಕು.

ಪ್ರಯೋಗ ನ್ಯಾಯವಾಗಿರಬೇಕೆಂದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಪ್ರತಿ ವೇಗದಲ್ಲೂ 20 ಸೆಕೆಂಡು ಆಡಿಸಿ ನಿಲ್ಲಿಸಿ ನೋಡಬೇಕು. ಒಂದೇ ನಮೂನೆಯ ಮೂರು ಮಾದರಿ ಮಾಡಿ ಮೂರಕ್ಕೂ ಪರೀಕ್ಷೆ ಮಾಡಬೇಕು, ಯಾಕಂದ್ರೆ ಒಂದರಲ್ಲಿ ಗೋಂದು ಸರಿಯಾಗಿ ಹಿಡಿಯದೇ ಇರಬಹುದು. ಮೇಜು ಆಡಿಸುವ ಮೊದಲೇ ಯಾವುದು ಬೀಳುತ್ತೆ ಅಂತ ಬರೆದಿಟ್ಟರೆ ಇನ್ನೂ ಒಳ್ಳೇದು. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಮೋಟಾರಿನ ಹತ್ತಿರ ಕೈ ಇಡದೆ, ದೊಡ್ಡವರು ಪಕ್ಕದಲ್ಲಿದ್ದಾಗಲೇ ಮಾಡಬೇಕು.

ಅಂಗಡಿ, ಮನೆ ಮಾಲೀಕರು ನೋಡಬೇಕಾದ್ದು

ಗೋಡೆ ಒಡೆಯುವ ಮುಂಚೆ ಕೇಳಿ. ಎರಡು ಶಟರ್ ಸೇರಿಸಿ ಒಂದು ದೊಡ್ಡ ಅಂಗಡಿ ಮಾಡೋಕೆ ನಡುವಿನ ಗೋಡೆ ತೆಗೆಯೋದು ಮಾಮೂಲು. ಕೆಳಮಹಡಿಯ ಗೋಡೆ ತೆಗೆದಷ್ಟೂ ಪ್ರಯೋಗ 2ರ ಮೂರನೇ ಮಾದರಿಗೆ ಹತ್ತಿರ ಹೋಗ್ತೀರಿ. ಪಿಲ್ಲರ್ ಇಲ್ಲದ ಹಳೇ ಕಟ್ಟಡವಾದರೆ ಆ ಗೋಡೆಯೇ ಭಾರ ಹೊತ್ತಿರುತ್ತೆ.

ಪಿಲ್ಲರ್, ಬೀಮಿಗೆ ಉಳಿ ಹಾಕಿಸಬೇಡಿ. ಶಟರ್ ಚಾನೆಲ್, ವೈರಿಂಗ್ ಪೈಪು, ಬೋರ್ಡು ಅಂತ ಕಾಂಕ್ರೀಟ್ ಕೆತ್ತಿ ಕಂಬಿ ಕಾಣುವ ಹಾಗೆ ಬಿಟ್ಟರೆ ತುಕ್ಕು ಹಿಡಿದು ಒಳಗಿಂದಲೇ ಹಾಳಾಗುತ್ತೆ.

ಹೊಸ ಮೋಲ್ಡ್ ಹಾಕುವ ಮುಂಚೆ ಪಾಯದ ಲೆಕ್ಕ ನೋಡಿ. ಗ್ರೌಂಡ್ ಪ್ಲಸ್ ಒಂದಕ್ಕೆ ಹಾಕಿದ ಪಾಯದ ಮೇಲೆ ಬಾಡಿಗೆ ಆಸೆಗೆ ಮೂರನೇ, ನಾಲ್ಕನೇ ಮಹಡಿ ಎಬ್ಬಿಸಿದರೆ ಪಿಲ್ಲರ್ ಅದೇ, ಭಾರ ಎರಡು ಪಟ್ಟು. ಮಂಜೂರಾದ ನಕ್ಷೆ, ಸ್ಟ್ರಕ್ಚರಲ್ ಡ್ರಾಯಿಂಗ್ ಎರಡನ್ನೂ ಬೀರುವಿನಲ್ಲಿ ಜೋಪಾನ ಇಡಿ. ಮುಂದೆ ಯಾವ ಎಂಜಿನಿಯರ್ ಬಂದರೂ ಮೊದಲು ಕೇಳೋದು ಅದನ್ನೇ.

ಕಟ್ಟುವಾಗ ರಿಂಗು ನೋಡಿ. ಪಿಲ್ಲರ್ ಕಂಬಿ ಸುತ್ತ ಹಾಕುವ ರಿಂಗಿನ ತುದಿಯನ್ನು 90 ಡಿಗ್ರಿಗೆ ಬಗ್ಗಿಸಿ ಬಿಟ್ಟರೆ ಅಲುಗಾಟದಲ್ಲಿ ಬಿಚ್ಚಿಕೊಳ್ಳುತ್ತೆ. 135 ಡಿಗ್ರಿಗೆ ಒಳಕ್ಕೆ ಬಗ್ಗಿಸಬೇಕು. ಪಿಲ್ಲರ್ ಬೀಮಿಗೆ ಸೇರುವ ಮೇಲೆ ಕೆಳಗಿನ ಭಾಗದಲ್ಲಿ ರಿಂಗು ಹತ್ತಿರ ಹತ್ತಿರ ಇರಬೇಕು. 2ನೇ ವಲಯದಲ್ಲಿ ಈ ಸೂಕ್ಷ್ಮಗಳು ಕಡ್ಡಾಯ ಅಲ್ಲದಿದ್ದರೂ, ಇದಕ್ಕೆ ಹೆಚ್ಚು ಬೇಕಾಗೋದು ಒಂದಿಷ್ಟು ಕಂಬಿ, ಬಾರ್ ಬೆಂಡಿಂಗ್‌ನವರ ಒಂದಿಷ್ಟು ಹೊತ್ತು. ಕಾಂಕ್ರೀಟ್ ಹಾಕಿದ ಮೇಲೆ ನೋಡೋಕೆ ಆಗಲ್ಲ.

ಕೆಳಗೆ ಪೂರ್ತಿ ಖಾಲಿ ಬಿಡಬೇಡಿ. ಹೊಸದಾಗಿ ಕಟ್ಟುವವರು ಹಿಂದಿನ, ಪಕ್ಕದ ಸಾಲುಗಳಲ್ಲಿ ಕಾಂಕ್ರೀಟ್ ಗೋಡೆ ಅಥವಾ ಕತ್ತರಿ ಪಟ್ಟಿ ಕೊಡುವ ಬಗ್ಗೆ ಎಂಜಿನಿಯರ್ ಹತ್ತಿರ ಮಾತಾಡಿ. ಈಗಾಗಲೇ ಕಟ್ಟಿರುವವರಿಗೂ ಪಿಲ್ಲರ್ ದಪ್ಪ ಮಾಡುವ, ಸ್ಟೀಲ್ ಪಟ್ಟಿ ಕೊಡುವ ದಾರಿ ಇದೆ.

ಅಂಗಡಿ ಒಳಗೆ ಕಣ್ಣು ಹಾಯಿಸಿ. ಎತ್ತರದ ರ್‍ಯಾಕನ್ನು ಗೋಡೆಗೆ ಬೋಲ್ಟ್ ಮಾಡಿ. ಎಣ್ಣೆ ಟಿನ್ನು, ಗಾಜಿನ ಬಾಟಲಿ, ಬಣ್ಣದ ಡಬ್ಬ ಕೆಳಗಿನ ಸಾಲಿಗೆ ಇಳಿಸಿ. ಗ್ಯಾಸ್ ಸಿಲಿಂಡರಿಗೆ ಸರಪಳಿ ಹಾಕಿ. ಮೇಲಿನ ಪ್ಯಾರಾಪೆಟ್, ನೇಮ್ ಬೋರ್ಡ್ ಗಟ್ಟಿ ಇವೆಯಾ ನೋಡಿ. ಸಣ್ಣ ಕಂಪನಕ್ಕೆ ಮೊದಲು ಬೀಳೋದು ಇವೇ.

ನೆಲ ನಡುಗಿದರೆ

ಒಳಗಿದ್ದರೆ ಗಟ್ಟಿ ಟೇಬಲ್ ಕೆಳಗೆ ತಲೆ ಮುಚ್ಚಿ ಕೂರಿ, ಟೇಬಲಿನ ಕಾಲು ಹಿಡಿದುಕೊಳ್ಳಿ. ಅಲುಗಾಟ ನಡೆಯುವಾಗ ಮೆಟ್ಟಿಲಿಗೆ ಓಡಬೇಡಿ, ಲಿಫ್ಟ್ ಬಳಸಬೇಡಿ. ಗಾಜು, ರ್‍ಯಾಕಿನಿಂದ ದೂರ ಇರಿ. ಹೊರಗಿದ್ದರೆ ಬಿಲ್ಡಿಂಗು, ಕರೆಂಟ್ ತಂತಿ, ಹೋರ್ಡಿಂಗ್ ಇಲ್ಲದ ಬಯಲಿಗೆ ಹೋಗಿ. ನಿಂತ ಮೇಲೆ ಗ್ಯಾಸು, ಮೇನ್ ಸ್ವಿಚ್ ಆಫ್ ಮಾಡಿ ಹೊರಗೆ ಬನ್ನಿ. ಪಿಲ್ಲರ್ ಮೇಲೆ ಓರೆ ಬಿರುಕು ಕಂಡರೆ ಎಂಜಿನಿಯರ್ ನೋಡುವ ತನಕ ಒಳಗೆ ಹೋಗಬೇಡಿ. ತುರ್ತಿಗೆ 112. ರಾಜ್ಯದಲ್ಲಿ ಕಂಪನದ ಮಾಹಿತಿ ಕೊಡೋದು ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ವಾಟ್ಸ್‌ಆ್ಯಪ್‌ನಲ್ಲಿ ಬರುವ "ಇಷ್ಟು ಗಂಟೆಗೆ ಭೂಕಂಪ" ಅನ್ನೋ ಮೆಸೇಜು ಫಾರ್ವರ್ಡ್ ಮಾಡಬೇಡಿ. ಭೂಕಂಪದ ದಿನ, ಗಂಟೆ ಮೊದಲೇ ಹೇಳುವ ವಿದ್ಯೆ ಇನ್ನೂ ಯಾರಿಗೂ ಸಿಕ್ಕಿಲ್ಲ.

ನಿಮ್ಮ ಮನೆಯ ಮಕ್ಕಳು ಈ ವರ್ಷ ವಿಜ್ಞಾನ ಮೇಳಕ್ಕೆ ಏನು ಮಾಡೋಣ ಅಂತ ಕೇಳಿದರೆ ಈ ಮೇಜು ಮಾಡೋಕೆ ಹೇಳಿ. ಕಡ್ಡಿಯ ಬಿಲ್ಡಿಂಗು ಬೇರೆ ಯಾವುದೋ ಅಲ್ಲ, ನಿಮ್ಮದೇ ಬಿಲ್ಡಿಂಗಿನ ಅಳತೆಯಲ್ಲಿ ಇರಲಿ. ಎಷ್ಟು ಪಿಲ್ಲರ್, ಎಷ್ಟು ಮಹಡಿ, ಕೆಳಗೆ ಎಷ್ಟು ಶಟರ್, ಮೇಲೆ ಎಷ್ಟು ಟ್ಯಾಂಕು ಅಂತ ಮಕ್ಕಳು ಎಣಿಸೋಕೆ ಶುರು ಮಾಡಿದರೆ ಅವರ ಜೊತೆ ನೀವೂ ಒಂದು ಸಲ ಕೆಳಗಿಂದ ಮೇಲಿನ ತನಕ ನೋಡಿ ಬನ್ನಿ.